ಕಪ್ಪು ನೂಲು, ಬಿಳಿ ನೂಲು: ಅಲಂಕಾರಶಾಸ್ತ್ರ ಹುಟ್ಟಿದ ಬಗೆ

ಅದೀ ಬಿನ್ ಹಾತಿಮ್(ರ) ಔದಾರ್ಯಕ್ಕೆ ಹೆಸರಾದ ಹಾತಿಮ್ ತಾಯಿಯ ಪುತ್ರರು. ಉಪವಾಸದ ರಾತ್ರಿ ಕಪ್ಪು ನೂಲಿನಿಂದ ಬಿಳಿ ನೂಲು ಬೇರೆಯಾಗಿ ಕಾಣುವವರೆಗೆ ಉಣ್ಣಬಹುದೆಂಬ ಕುರ್‌ಆನಿನ ಅನುಮತಿಯನ್ನು ತಿಳಿದ ಅವರು, ಎರಡು ಬಣ್ಣದ ಹುರಿಗಳನ್ನು ದಿಂಬಿನಡಿ ಇಟ್ಟುಕೊಂಡು ರಾತ್ರಿಯಿಡೀ ನೋಡಿದರು. ಏನೂ ಸ್ಪಷ್ಟವಾಗಲಿಲ್ಲ. ಬೆಳಿಗ್ಗೆ ಪ್ರವಾದಿವರ್ಯರ(ಸ) ಬಳಿ ಹೇಳಿಕೊಂಡಾಗ, ಅದು ಇರುಳಿನ ಕತ್ತಲೆ ಮತ್ತು ಹಗಲಿನ ಬೆಳಕು ಎಂಬ ವಿವರಣೆ ದೊರೆಯಿತು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ಪ್ರಸಂಗವಿದೆ.

ಇನ್ನೊಂದು ಪ್ರಸಂಗ ಪ್ರವಾದಿಪತ್ನಿಯರದು. ತಮ್ಮಲ್ಲಿ ಉದ್ದದ ಕೈಯವರು ಎಲ್ಲರಿಗಿಂತ ಮೊದಲು ಪ್ರವಾದಿಯವರನ್ನು(ಸ) ಸೇರುವರೆಂದು ತಿಳಿದು ಅವರು ತಮ್ಮ ಕೈಗಳನ್ನು ಅಳೆದು ನೋಡಿದರು. ಮುಸ್ಲಿಮ್ ಗ್ರಂಥದ ವರದಿಯಂತೆ, ಆ ಕೈ ಝೈನಬ್ ಬಿಂತ್ ಜಹ್ಶ್(ರ) ಅವರದಾಗಿತ್ತು. ಅವರು ಸ್ವಂತ ಕೈಯಿಂದ ದುಡಿದು ದಾನ ಮಾಡುತ್ತಿದ್ದವರು. ಕೈಯ ಉದ್ದವೆಂದರೆ ದಾನಶೀಲತೆ ಎಂಬುದು ಅವರ ಮರಣದ ಬಳಿಕವೇ ಉಳಿದವರಿಗೆ ಹೊಳೆಯಿತು.

ಅರಬಿಯನ್ನೇ ಮಾತೃಭಾಷೆಯಾಗಿ ಪಡೆದವರಿಗೂ ಹೀಗಾಗಿತ್ತು. ಇಸ್ಲಾಮ್ ಅರಬೇತರ ನಾಡುಗಳಿಗೆ ಹಬ್ಬಿದಾಗ ಈ ತೊಡಕು ಸಹಜವಾಗಿಯೇ ಹೆಚ್ಚಿತು. ಕ್ರಿ.ಶ. 9ನೇ ಶತಮಾನದ ಆರಂಭದಲ್ಲಿ ಬಸರಾದ ವಿದ್ವಾಂಸ ಅಬೂ ಉಬೈದಾ ‘ಮಜಾಝುಲ್ ಕುರ್‌ಆನ್’ ರಚಿಸಿದರು. ಅವರ ಪಾಲಿಗೆ ಮಜಾಝ್ ಎಂದರೆ ಅರಬರ ಮಾತಿನ ರೀತಿ. ಆ ಪದಕ್ಕೆ ‘ಲಾಕ್ಷಣಿಕ ಪ್ರಯೋಗ’ ಎಂಬ ಅರ್ಥ ನೆಲೆಗೊಂಡದ್ದು ನಂತರ. ಹಿಜರಿ 274ರಲ್ಲಿ ಅಬ್ಬಾಸೀ ರಾಜಕುಮಾರ ಇಬ್ನುಲ್ ಮುಅ್ತಝ್ ‘ಕಿತಾಬುಲ್ ಬದೀಅ್’ ಬರೆದು, ನವಕವಿಗಳು ತಮ್ಮ ಸೃಷ್ಟಿಯೆಂದು ಬೀಗುತ್ತಿದ್ದ ಅಲಂಕಾರಗಳು ಕುರ್‌ಆನ್, ಹದೀಸ್ ಮತ್ತು ಪ್ರಾಚೀನ ಕಾವ್ಯದಲ್ಲಿ ಮೊದಲೇ ಇದ್ದವೆಂದು ತೋರಿಸಿದರು. ಕ್ರಿ.ಶ. 1078ರ ಸುಮಾರಿಗೆ ನಿಧನರಾದ ಅಬ್ದುಲ್ ಕಾಹಿರ್ ಜುರ್ಜಾನೀ ಈ ಶಾಸ್ತ್ರಕ್ಕೆ ತಾತ್ತ್ವಿಕ ಬುನಾದಿ ಹಾಕಿದರು. ಇಂದಿಗೂ ನಮ್ಮ ಮದ್ರಸಗಳಲ್ಲಿ ಬಲಾಗತ್ ಎಂದು ಕಲಿಸುವ ವಿದ್ಯೆ ಇದೇ.

ಕನ್ನಡಿಗರಾದ ನಮಗೆ ಇದು ಅಪರಿಚಿತವಲ್ಲ. ಅದೇ 9ನೇ ಶತಮಾನದಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ದಂಡಿಯ ಸಂಸ್ಕೃತ ಗ್ರಂಥವನ್ನು ಆಧರಿಸಿ ‘ಕವಿರಾಜಮಾರ್ಗ’ ರಚಿತವಾಯಿತು. ಕ್ರಿ.ಶ. 851ರ ಅರಬಿ ಪ್ರವಾಸ ವೃತ್ತಾಂತವು ಇದೇ ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಎಣಿಸಿದೆ. ಎರಡು ಶಾಸ್ತ್ರಗಳೂ ಬೇರೆ ಬೇರೆ ಹಾದಿಯಲ್ಲಿ ಬೆಳೆದವು. ಆದರೂ ಉಪಮೆಯ ನಾಲ್ಕು ಅಂಗಗಳು ಎರಡರಲ್ಲಿಯೂ ಒಂದೇ. ‘ಆತನು ಸಿಂಹದಂತೆ ಧೀರ’ ಎಂಬಲ್ಲಿ ಆತನು ಉಪಮೇಯ, ಸಿಂಹ ಉಪಮಾನ, ‘ಅಂತೆ’ ವಾಚಕ, ಧೈರ್ಯ ಸಮಾನಧರ್ಮ. ಅರಬಿಯಲ್ಲಿ ಇವು ಮುಶಬ್ಬಹ್, ಮುಶಬ್ಬಹ್ ಬಿಹೀ, ಅದಾತ್ ಮತ್ತು ವಜ್‌ಹುಶ್ಶಬಹ್. ‘ಮಿಂಬರಿನ ಮೇಲೆ ಸಿಂಹವೊಂದು ಖುತ್ಬಾ ನೀಡಿತು’ ಎಂದಾಗ ಉಪಮೇಯವೇ ಮರೆಯಾಗುತ್ತದೆ. ಅದು ಇಸ್ತಿಆರಾ, ನಮ್ಮ ರೂಪಕದ ಹತ್ತಿರದ ಬಂಧು. ‘ಉದ್ದದ ಕೈ’ಯಂತಹ ಸೂಚ್ಯ ಮಾತು ಕಿನಾಯಾ ಎನಿಸುತ್ತದೆ.

ಹಾಗಾದರೆ ಯಾವುದನ್ನು ಬೇಕಾದರೂ ರೂಪಕವೆಂದು ತಳ್ಳಿಹಾಕಬಹುದೇ? ಖಂಡಿತ ಇಲ್ಲ. ಇಲ್ಲಿಯೇ ವಿದ್ವಾಂಸರ ಎಚ್ಚರಿಕೆ ಕಾಣುವುದು. ಪದವು ವಾಚ್ಯಾರ್ಥವನ್ನು ಬಿಡಬೇಕಾದರೆ ‘ಕರೀನಾ’, ಅಂದರೆ ಸುಳಿವು, ಇರಲೇಬೇಕು. ಸಿಂಹದ ವಾಕ್ಯದಲ್ಲಿ ಮಿಂಬರ್ ಮತ್ತು ಖುತ್ಬಾ ಆ ಸುಳಿವು; ನೂಲಿನ ಸೂಕ್ತದಲ್ಲಿ ಪ್ರಭಾತದ ಉಲ್ಲೇಖ. ಸುಳಿವಿದ್ದರೂ ವಾಚ್ಯಾರ್ಥಕ್ಕೇ ಅಂಟಿಕೊಳ್ಳುವುದು ಒಂದು ತಪ್ಪು. ಸುಳಿವಿಲ್ಲದೆ ಕಷ್ಟದ ಆದೇಶವನ್ನು ‘ಬರೀ ಉಪಮೆ’ ಎಂದು ಹಗುರ ಮಾಡಿಕೊಳ್ಳುವುದು ಇನ್ನೊಂದು. ಅನುವಾದವನ್ನೇ ನೆಚ್ಚಿರುವ ನಾವು ಎರಡರಲ್ಲಿಯೂ ಬೀಳಬಲ್ಲೆವು.

ಆದ್ದರಿಂದ ಶಾಲೆಯ ವ್ಯಾಕರಣ ಪುಸ್ತಕದ ಅಲಂಕಾರಗಳ ಪಾಠವನ್ನು ಅಂಕಗಳಿಗಷ್ಟೇ ಎಂದು ಮಕ್ಕಳು ಬಾಯಿಪಾಠ ಮಾಡದಿರಲಿ. ಮನೆಯಲ್ಲಿ ಅನುವಾದ ಓದುವಾಗ ‘ಇಲ್ಲಿ ಸುಳಿವು ಯಾವುದು?’ ಎಂದು ಅವರನ್ನು ಕೇಳೋಣ. ತಿಳಿಯದಿದ್ದರೆ ಬಲ್ಲವರ ಬಳಿ ಹೋಗೋಣ. ಅದೀ(ರ) ಮಾಡಿದ್ದೂ ಅದನ್ನೇ: ಗೊಂದಲವನ್ನು ದಿಂಬಿನಡಿ ಬಚ್ಚಿಡದೆ, ಬೆಳಗಾಗುತ್ತಲೇ ಹೋಗಿ ಕೇಳಿದರು.