ಗುಂಡಿನ ಸದ್ದಿಗೆ ಬೆದರದ ನಾಯಿ: ಪಾಯಿಂಟರ್ ಮರಿಯ ತರಬೇತಿ ಮತ್ತು ನಮ್ಮ ಊರಿನ ನಾಯಿಗಳು

ಹಕ್ಕಿಯ ವಾಸನೆ ಮೂಗಿಗೆ ತಾಗಿದೊಡನೆ ಓಟ ನಿಲ್ಲಿಸಿ, ಹಕ್ಕಿ ಅಡಗಿರುವ ದಿಕ್ಕಿಗೆ ಮೂತಿ ಚಾಚಿ, ಹಲವೊಮ್ಮೆ ಒಂದು ಮುಂಗಾಲನ್ನು ಎತ್ತಿ, ಕಲ್ಲಿನಂತೆ ನಿಂತುಬಿಡುವ ಬೇಟೆನಾಯಿಗಳನ್ನು ಪಾಯಿಂಟರ್ ವರ್ಗದ ನಾಯಿಗಳೆಂದು ಕರೆಯುತ್ತಾರೆ. ಇಂಗ್ಲಿಷ್ ಪಾಯಿಂಟರ್, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ಸೆಟ್ಟರ್, ಬ್ರಿಟನಿ ಈ ವರ್ಗದ ಪ್ರಸಿದ್ಧ ತಳಿಗಳು. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಪರವಾನಗಿಯುಳ್ಳ ಬೇಟೆಗಾರರು ಇವುಗಳನ್ನು ಸಾಕುತ್ತಾರೆ. ಹಕ್ಕಿಯ ಮುಂದೆ ಹಾಗೆ ನಿಲ್ಲುವ ಗುಣ ಹುಟ್ಟಿನಿಂದಲೇ ಬರುತ್ತದೆ. ಬಂದೂಕಿನ ಸದ್ದನ್ನು ಸಹಜವೆಂದು ಸ್ವೀಕರಿಸುವ ಧೈರ್ಯವನ್ನು ಮಾತ್ರ ತಾಳ್ಮೆಯಿಂದ ಬೆಳೆಸಬೇಕಾಗುತ್ತದೆ. ಜರ್ಮನಿಯಲ್ಲಿ ಎಳೆಯ ಬೇಟೆನಾಯಿಗಳಿಗೆ ನಡೆಸುವ ವಸಂತಕಾಲದ ಪರೀಕ್ಷೆಯಲ್ಲಿ ಈ ಧೈರ್ಯವನ್ನೂ ಪರಿಶೀಲಿಸುತ್ತಾರೆ.

ಭಯದ ಮೂಲ

ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಗ್ರಹಿಸಿದರೆ, ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೂ ಗ್ರಹಿಸುತ್ತದೆ. ಬಂದೂಕಿನ ಸದ್ದು ಹತ್ತಿರದಲ್ಲಿ 140 ಡೆಸಿಬೆಲ್ ಮೀರುತ್ತದೆ. ಮುನ್ಸೂಚನೆಯಿಲ್ಲದೆ ಸಿಡಿದು ಮಾಯವಾಗುತ್ತದೆ. ಕೆಲವು ನಾಯಿಗಳಲ್ಲಿ ಸದ್ದಿಗೆ ಅಂಜುವ ಸ್ವಭಾವ ವಂಶಪಾರಂಪರ್ಯವಾಗಿಯೂ ಬಂದಿರುತ್ತದೆ. ಆದರೆ ಒಳ್ಳೆಯ ನಾಯಿಯೊಂದು ಗುಂಡಿಗೆ ಅಂಜುಬುರುಕಿಯಾಗಿದ್ದರೆ, ಮೊದಲ ಸದ್ದನ್ನು ಅದಕ್ಕೆ ತಪ್ಪಾದ ದೂರದಲ್ಲಿ, ತಪ್ಪಾದ ಗಳಿಗೆಯಲ್ಲಿ ಕೇಳಿಸಿದ್ದೇ ಬಹುಪಾಲು ಕಾರಣವಾಗಿರುತ್ತದೆ.

ಬಿ.ಇಡ್. ತರಗತಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿದ ನಮಗೆ ಇದರ ಪರಿಹಾರ ಅಪರಿಚಿತವಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನೋವಿಜ್ಞಾನಿ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಭಯ ನೀಗಿಸಿದ ವರದಿಯನ್ನು ಪ್ರಕಟಿಸಿದರು. ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿರಿಸಿ, ದಿನದಿನಕ್ಕೂ ತುಸುತುಸುವೇ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ದೂರ ಮತ್ತು ಸಂತೋಷ ಎಂಬ ಆ ಎರಡು ಸಾಧನಗಳೇ ನಾಯಿಮರಿಯ ತರಬೇತಿಗೂ ಆಧಾರ.

ತರಬೇತಿಯ ಕ್ರಮ

ಮೊದಲನೆಯದಾಗಿ, ಮನೆಯ ಸದ್ದುಗಳು. ಮರಿಯು ಲೋಕವನ್ನು ಅಂಜಿಕೆಯಿಲ್ಲದೆ ಪರಿಚಯಿಸಿಕೊಳ್ಳುವ ಕಾಲ ಸುಮಾರು 3ನೆಯ ವಾರದಿಂದ 12–14ನೆಯ ವಾರದವರೆಗೆ ಇರುತ್ತದೆ. ಈ ಅವಧಿಯಲ್ಲಿ ಮರಿ ಊಟ ಮಾಡುವಾಗ ಪಕ್ಕದ ಕೋಣೆಯಲ್ಲಿ ಪಾತ್ರೆಯ ಸದ್ದು, ಬಾಗಿಲಿನ ಸದ್ದು ಮೆಲ್ಲನೆ ಕೇಳಿಸುತ್ತಿರಲಿ. ತಲೆಯ ಮೇಲೆ ತಟ್ಟೆ ಬಡಿದು ಪರೀಕ್ಷಿಸಬಾರದು.

ಎರಡನೆಯದಾಗಿ, ಹಕ್ಕಿ ಮೊದಲು, ಬಂದೂಕು ಆಮೇಲೆ. ತರಬೇತುದಾರರು ಪಾರಿವಾಳ ಅಥವಾ ಲಾವಕ್ಕಿಯನ್ನು ಹಾರಿಸಿ, ಮರಿಗೆ ಅದರ ಬೆನ್ನಟ್ಟುವ ಹುರುಪು ಹತ್ತುವವರೆಗೆ ಬಂದೂಕನ್ನು ಹೊರತೆಗೆಯುವುದಿಲ್ಲ.

ಮೂರನೆಯದಾಗಿ, ದೂರದ ಸದ್ದು. ಮರಿ ಹಕ್ಕಿಯ ಹಿಂದೆ ಓಡುತ್ತಿರುವಾಗ ಸಹಾಯಕನೊಬ್ಬ ಸುಮಾರು 100 ಮೀಟರ್ ಆಚೆಯಿಂದ ಗುಂಡಿಲ್ಲದ ತೋಟಾವನ್ನು ಒಮ್ಮೆ ಮಾತ್ರ ಸಿಡಿಸುತ್ತಾನೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದ್ದರಿಂದ ದೂರವೇ ಇಲ್ಲಿ ಸದ್ದನ್ನು ಹದಗೊಳಿಸುತ್ತದೆ. ಮರಿ ಓಟ ನಿಲ್ಲಿಸದಿದ್ದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು. ಮುಂದಿನ ದಿನಗಳಲ್ಲಿ ಸಹಾಯಕ ಹಂತಹಂತವಾಗಿ ಸಮೀಪಿಸುತ್ತಾನೆ.

ನಾಲ್ಕನೆಯದಾಗಿ, ದೊಡ್ಡ ಸದ್ದು. 410 ಬೋರ್‌ನಂತಹ ಚಿಕ್ಕ ಬಂದೂಕಿನಿಂದ 20 ಬೋರ್‌ಗೆ, ಅಲ್ಲಿಂದ 12 ಬೋರ್‌ಗೆ ಸಾಗುವಾಗ ಪ್ರತಿ ಸಲವೂ ಮತ್ತೆ ದೂರದಿಂದಲೇ ಆರಂಭಿಸಬೇಕು. ಬಂದೂಕಿನ ಬಾಯಿ ಎಂದಿಗೂ ನಾಯಿಯ ತಲೆಯ ಸಮೀಪ ಇರಬಾರದು. ಅದರ ಶ್ರವಣಶಕ್ತಿಗೇ ಹಾನಿಯಾದೀತು.

ಬಾಲ ಮುದುಡುವುದು, ಕಿವಿ ಹಿಂದಕ್ಕೆ ಅಂಟುವುದು, ತುಟಿ ನೆಕ್ಕುವುದು, ತಿಂಡಿ ನಿರಾಕರಿಸುವುದು, ಯಜಮಾನನ ಕಾಲಸಂದಿಗೆ ಬಂದು ನಿಲ್ಲುವುದು ಭಯದ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಪಾಠ ನಿಲ್ಲಿಸಿ, ಕೆಲವು ದಿನ ಬಿಟ್ಟು, ಹಿಂದೆ ನೆಮ್ಮದಿಯಾಗಿದ್ದ ದೂರಕ್ಕೆ ಮರಳಬೇಕು. ಗದರಿಸುವುದು ಸಲ್ಲದು. ಮರಿಯನ್ನು ಗುಂಡು ಹಾರಿಸುವ ಮೈದಾನಕ್ಕೆ ಒಯ್ದು ಕಟ್ಟಿಹಾಕಿ, ‘ಕೇಳಿ ಕೇಳಿ ರೂಢಿಯಾಗುತ್ತದೆ’ ಎನ್ನುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಪ್ರಾಣಿ ಸದ್ದಿಗೆ ಒಗ್ಗುವ ಬದಲು ಭಯವನ್ನೇ ಗಟ್ಟಿಮಾಡಿಕೊಳ್ಳಬಹುದು. ಹಾಗೆ ಕೆಟ್ಟ ನಾಯಿಯನ್ನು ಸರಿಪಡಿಸಲು ತಿಂಗಳುಗಳೇ ಬೇಕು. ಕೆಲವು ಸರಿಹೋಗುವುದೇ ಇಲ್ಲ.

ನಮಗೇಕೆ ಈ ವಿಷಯ

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬೇಟೆಗೆಂದು ನಾಯಿ ತಯಾರಿಸುವ ಪ್ರಶ್ನೆಯೇ ಇಲ್ಲ. ಆದರೆ ಸದ್ದು ನಮ್ಮ ನಾಯಿಗಳನ್ನು ಬಿಟ್ಟಿಲ್ಲ. ತಾಳವಾಡಿ, ವಯನಾಡಿನ ಕಾಡಂಚಿನ ಹೊಲಗಳಲ್ಲಿ ಆನೆ, ಹಂದಿಗಳನ್ನು ಓಡಿಸಲು ರೈತರು ಪಟಾಕಿ ಸಿಡಿಸುತ್ತಾರೆ. ಕಾವಲಿನ ನಾಯಿ ಅದೇ ಹೊಲದಲ್ಲಿರುತ್ತದೆ. ಮಹಾರಾಷ್ಟ್ರದಲ್ಲಿ ಕಾರವಾನಿ ಎಂದೇ ಹೆಸರಾದ ಮುಧೋಳ ತಳಿ ಪಾಯಿಂಟರ್‌ನಂತೆ ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆ ಹಿಡಿಯುವ ತಳಿ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ನಾಯಿ ಬೆದರಿ ಓಡತೊಡಗಿದರೆ ಅದರ ವೇಗಕ್ಕೆ ಮನೆಯವರು ಸರಿಸಾಟಿಯಾಗಲಾರರು. ದೀಪಾವಳಿಯ ರಾತ್ರಿ ಹಗ್ಗ ಕಿತ್ತುಕೊಂಡು ಓಡಿ, ರಸ್ತೆಯಲ್ಲಿ ವಾಹನಕ್ಕೆ ಸಿಕ್ಕುವ ನಾಯಿಗಳ ಸಂಕಟವನ್ನು ಊರೂರಿನವರು ಬಲ್ಲರು.

ಆದುದರಿಂದ ಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ಅಭ್ಯಾಸ ಆರಂಭಿಸುವುದು ಒಳ್ಳೆಯದು. ಪಟಾಕಿಯ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ, ಅದೇ ಹೊತ್ತಿಗೆ ಊಟ ಕೊಡಿ. ನಾಯಿ ತಲೆ ಎತ್ತದೆ ತಿಂದರೆ ಮಾತ್ರ ಮರುದಿನ ಸ್ವಲ್ಪ ಹೆಚ್ಚಿಸಿ. ಮೊಬೈಲು ಸ್ಫೋಟದ ತಗ್ಗು ಧ್ವನಿಯನ್ನು ಪೂರ್ತಿ ಹೊರಡಿಸದಾದ್ದರಿಂದ ಇದು ಮೊದಲ ಮೆಟ್ಟಿಲು ಮಾತ್ರ. ಹಬ್ಬದ ದಿನ ಸಂಜೆಗೆ ಮೊದಲೇ ತಿರುಗಾಡಿಸಿ, ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಅಥವಾ ರೇಡಿಯೊ ಹಾಕಿ ಇರಿಸಿ. ಅದು ಮಡಿಲಿಗೆ ಬಂದರೆ ದೂರ ತಳ್ಳಬೇಡಿ. ಸಾಂತ್ವನದಿಂದ ಭಯ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ತೀವ್ರವಾಗಿ ನಡುಗುವ ನಾಯಿಗೆ ಪಶುವೈದ್ಯರನ್ನು ಮುಂಚಿತವಾಗಿಯೇ ಕಂಡು ಔಷಧ ಪಡೆಯಬಹುದು. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬಾರದು. ಕಾಡಂಚಿನ ರೈತರು ಪಟಾಕಿ ಸಿಡಿಸುವ ಮುನ್ನ ಕಾವಲುನಾಯಿಯನ್ನು ಹೊಲದ ಇನ್ನೊಂದು ತುದಿಗೆ ಸರಿಸಲಿ. ಕೊರಳಪಟ್ಟಿಯ ಮೇಲೆ ಮನೆಯವರ ಫೋನ್ ಸಂಖ್ಯೆಯನ್ನು ಬರೆದಿಡಿ. ಬೆದರಿದ ನಾಯಿಗೆ ರಾಜ್ಯದ ಗಡಿ ತಿಳಿಯದು, ಸಿಕ್ಕವರು ಯಾವ ಭಾಷೆಯವರಾದರೂ ಅಂಕಿಗಳನ್ನು ಓದಬಲ್ಲರು.