ಪರದೆಯ ಮೇಲಿನ ಪುಸ್ತಕ: ಯಾವುದು ಅನುಕೂಲ?



ಇ-ಪುಸ್ತಕ ಓದುವ ಸಾಧನವನ್ನು ಕೊಳ್ಳುವಾಗ ನೀವು ಏನನ್ನು ಗಮನಿಸುತ್ತೀರಿ? ಬೆಲೆ, ತೂಕ, ಬ್ಯಾಟರಿ, ಅಕ್ಷರಗಳ ಸ್ಪಷ್ಟತೆ. ಇವೆಲ್ಲ ಅಂಗಡಿಯಲ್ಲೇ ಕಾಣುವ ಅನುಕೂಲಗಳು. ಇಂದು ಕೊಂಡ ಪುಸ್ತಕ ಹತ್ತು ವರ್ಷಗಳ ನಂತರವೂ ತೆರೆಯುತ್ತದೆಯೇ ಎಂಬುದು ಅಲ್ಲಿ ಕಾಣುವುದಿಲ್ಲ. ಅದು ಬಹುಮಟ್ಟಿಗೆ ಪುಸ್ತಕವನ್ನು ಫೈಲಿನಲ್ಲಿ ಬರೆದಿಟ್ಟ ಕ್ರಮವನ್ನು, ಅಂದರೆ ಫಾರ್ಮ್ಯಾಟನ್ನು ಅವಲಂಬಿಸಿದೆ. ಇದಕ್ಕೆ ಇತಿಹಾಸವೇ ಸಾಕ್ಷಿ.

1971ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರು. ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಹುಟ್ಟಿದ್ದು ಹೀಗೆ. ಅದು ಅಲಂಕಾರವಿಲ್ಲದ, ಬರೀ ಅಕ್ಷರಗಳ ಪಠ್ಯ. ಆ ಕಾಲದ ಕಂಪ್ಯೂಟರುಗಳು ಮೂಲೆ ಸೇರಿವೆ. ಅಂಥ ಪಠ್ಯವನ್ನು ಮಾತ್ರ ಇಂದಿನ ಫೋನಿನಲ್ಲೂ ತೆರೆಯಬಹುದು.

1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ‘ರಾಕೆಟ್ ಇ-ಬುಕ್’, ‘ಸಾಫ್ಟ್‌ಬುಕ್’ ಎಂಬ ಎರಡು ಸಾಧನಗಳು ಬಂದವು. ಮೊದಲನೆಯದಕ್ಕೆ ಪುಸ್ತಕ ತುಂಬಲು ಕಂಪ್ಯೂಟರ್ ಬೇಕಿತ್ತು. ಎರಡನೆಯದಕ್ಕೆ ದೂರವಾಣಿ ತಂತಿ ಸಾಕಿತ್ತು. ಆದರೆ ಎರಡರ ಫಾರ್ಮ್ಯಾಟೂ ಬೇರೆ ಬೇರೆ. 2000ದಲ್ಲಿ ಜೆಮ್‌ಸ್ಟಾರ್ ಕಂಪನಿ ಇವೆರಡನ್ನೂ ಕೊಂಡಿತು. 2003ರಲ್ಲಿ ಇ-ಪುಸ್ತಕಗಳ ವ್ಯಾಪಾರವನ್ನೇ ನಿಲ್ಲಿಸಿತು.

2004ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ತಂದ ‘ಲಿಬ್ರಿಯೆ’ ವಿಜ್ಞಾನದ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಅದರದು ‘ಇ-ಇಂಕ್’ ಪರದೆ. ಅದರೊಳಗಿನ ಸೂಕ್ಷ್ಮ ಗುಳಿಗೆಗಳಲ್ಲಿ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ ಕ್ಷೇತ್ರ ಬದಲಾದಂತೆ ಒಂದು ಬಣ್ಣದವು ಮೇಲೆ ಬರುತ್ತವೆ, ಇನ್ನೊಂದು ಬಣ್ಣದವು ಕೆಳಗಿಳಿಯುತ್ತವೆ. ಪರದೆ ಕಾಗದದಂತೆ ಬೆಳಕನ್ನು ಪ್ರತಿಫಲಿಸುವುದರಿಂದ ಬಿಸಿಲಿನಲ್ಲೂ ಓದಬಹುದು. ಪರದೆಗೆ ವಿದ್ಯುತ್ ಬೇಕಾಗುವುದು ಪುಟ ಬದಲಾಗುವಾಗ ಮಾತ್ರ. ಇಷ್ಟೆಲ್ಲ ಇದ್ದರೂ, ಅದಕ್ಕೆ ಪಡೆದ ಪುಸ್ತಕ 60 ದಿನಗಳ ನಂತರ ತೆರೆಯುತ್ತಿರಲಿಲ್ಲ!

2007ರಲ್ಲಿ ಎರಡು ದಾರಿಗಳು ಸ್ಪಷ್ಟವಾದವು. ಆ ಸೆಪ್ಟೆಂಬರಿನಲ್ಲಿ ‘ಇಪಬ್’ ಎಂಬ ಮುಕ್ತ ಫಾರ್ಮ್ಯಾಟ್ ಬಂತು. ಪಿಡಿಎಫ್‌ನಲ್ಲಿ ಪುಟದ ಅಳತೆ ಸ್ಥಿರ. ಇಪಬ್‌ನಲ್ಲಿ ಸಾಲುಗಳು ಪರದೆಗೆ ತಕ್ಕಂತೆ ಹೊಂದಿಕೊಳ್ಳುತ್ತವೆ. ನವೆಂಬರಿನಲ್ಲಿ ಅಮೆಜಾನ್ 399 ಡಾಲರಿನ ‘ಕಿಂಡಲ್’ ತಂದಿತು. ಕಂಪ್ಯೂಟರಿನ ಹಂಗಿಲ್ಲದೆ, ಮೊಬೈಲ್ ಜಾಲದ ಮೂಲಕವೇ ಪುಸ್ತಕ ಕೊಳ್ಳಬಹುದಿತ್ತು. ಆದರೆ ಅದರ ಫಾರ್ಮ್ಯಾಟ್ ಕಂಪನಿಯ ಸ್ವಂತದ್ದು.

ಈ ಅನುಕೂಲದ ಇನ್ನೊಂದು ಮುಖ 2009ರ ಜುಲೈನಲ್ಲಿ ಕಂಡಿತು. ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂದು ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ಅಮೆಜಾನ್ ಓದುಗರ ಕಿಂಡಲ್‌ಗಳಿಂದ ಅಳಿಸಿಹಾಕಿತು. ಹಣವನ್ನೇನೋ ಹಿಂದಿರುಗಿಸಿತು. ಆದರೆ ಮಿಷಿಗನ್‌ನ ಪ್ರೌಢಶಾಲಾ ವಿದ್ಯಾರ್ಥಿಯೊಬ್ಬ ಪಾಠಕ್ಕಾಗಿ ಬರೆದುಕೊಂಡಿದ್ದ ಟಿಪ್ಪಣಿಗಳು ಪುಸ್ತಕವಿಲ್ಲದೆ ಅರ್ಥ ಕಳೆದುಕೊಂಡವು. ಕಂಪನಿಯ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಹಣ ಮರಳಿತು, ಪುಸ್ತಕಗಳು ಹೋದವು. ಅವುಗಳಲ್ಲಿ ಇಪಬ್ ಪುಸ್ತಕಗಳೂ ಇದ್ದವು! ಫಾರ್ಮ್ಯಾಟ್ ಮುಕ್ತವಾಗಿದ್ದರೂ ಮಾರಾಟಗಾರ ಬೀಗ ಹಾಕಬಹುದು.

ಕನ್ನಡ ಓದುಗರಿಗೆ ಈ ವಿಷಯ ಇನ್ನೂ ಹತ್ತಿರದ್ದು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳಲ್ಲಿ ಕಿಂಡಲ್ ಪುಸ್ತಕಗಳನ್ನು ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಯೂನಿಕೋಡ್‌ನಲ್ಲಿ ಬರೆದ, ಬೀಗವಿಲ್ಲದ ಕನ್ನಡ ಇಪಬ್ ಮಾತ್ರ ಯಾವ ಕಂಪನಿಯ ಪಟ್ಟಿಗೂ ಕಾಯಬೇಕಿಲ್ಲ.

ಮುಂದೆ ನೀವು ಇ-ಪುಸ್ತಕ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಇದು ಬೇರೆ ಸಾಧನದಲ್ಲೂ ತೆರೆಯುತ್ತದೆಯೇ? ಇದಕ್ಕೆ ಬೀಗವಿದೆಯೇ? ಪರೀಕ್ಷೆಗೆ ಬರೆದುಕೊಂಡ ಟಿಪ್ಪಣಿಗಳನ್ನಂತೂ ಪುಸ್ತಕದ ಹೊರಗೆ, ಸರಳ ಪಠ್ಯದಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ.