ಓರೆಗೆರೆಯ ಮುಂದಿನ ಅಂಕಿ

ಗಣಕಜಾಲದ ಪಾಠದಲ್ಲಿ 192.168.4.0/22 ಎಂಬಂತಹ ಬರಹವನ್ನು ವಿದ್ಯಾರ್ಥಿಗಳು ನೋಡಿರುತ್ತಾರೆ. ವಿಳಾಸದ 32 ಬಿಟ್‌ಗಳಲ್ಲಿ ಮೊದಲ 22 ಬಿಟ್‌ಗಳು ಜಾಲವನ್ನು ಗುರುತಿಸುತ್ತವೆ ಎಂದು ಇದರರ್ಥ. ಈ ಭಾಗಕ್ಕೆ ಪ್ರಿಫಿಕ್ಸ್ ಎಂದು ಹೆಸರು. ಇಷ್ಟು ಸರಳವಾದ ಬರವಣಿಗೆ ಆರಂಭದಲ್ಲಿ ಇರಲಿಲ್ಲ.

1981ರಲ್ಲಿ ಐಪಿ ನಿಯಮಾವಳಿ (ಆರ್‌ಎಫ್‌ಸಿ 791) ಪ್ರಕಟವಾದಾಗ ಅದರ ಅಗತ್ಯವೂ ಕಾಣಲಿಲ್ಲ. ಜಾಲಗಳು ಎ, ಬಿ, ಸಿ ಎಂಬ ವರ್ಗಗಳಲ್ಲಿದ್ದವು. ವಿಳಾಸದ ಮೊದಲ ಮೂರು ಬಿಟ್‌ಗಳನ್ನು ನೋಡಿದರೆ ಜಾಲದ ಭಾಗ 8, 16 ಅಥವಾ 24 ಬಿಟ್ ಎಂಬುದು ತಿಳಿಯುತ್ತಿತ್ತು.

1985ರ ಆರ್‌ಎಫ್‌ಸಿ 950 ಒಂದು ಜಾಲವನ್ನು ಉಪಜಾಲಗಳಾಗಿ ಒಡೆಯುವ ಕ್ರಮವನ್ನು ನಿಗದಿಪಡಿಸಿತು. ಆಗ ವಿಳಾಸವೊಂದೇ ತನ್ನ ಗಡಿಯನ್ನು ಹೇಳಲಾರದಾಯಿತು. 255.255.252.0 ಎಂಬಂತಹ ಮಾಸ್ಕನ್ನೂ ಜೊತೆಗೆ ಕೊಡಬೇಕಾಯಿತು. ದ್ವಿಮಾನದಲ್ಲಿ 252 ಎಂದರೆ 11111100. ಹಾಗಾಗಿ ಇಲ್ಲಿರುವ 1ಗಳು 8+8+6, ಅಂದರೆ 22. ಆದರೆ ಈ 1ಗಳು ಎಡೆಬಿಡದೆ ಸಾಲಾಗಿರಬೇಕು ಎಂಬುದು ಆಗ ಕೇವಲ ಸಲಹೆ. 255.255.0.255 ಎಂಬ ವಿಲಕ್ಷಣ ಮಾಸ್ಕ್ ಕೂಡ ನಿಯಮಬದ್ಧವೇ ಆಗಿತ್ತು!

1990ರ ದಶಕದ ಆರಂಭದಲ್ಲಿ ಪೇಚಾಟ ಶುರುವಾಯಿತು. ಸಿ ವರ್ಗದ 254 ವಿಳಾಸ ಸಾಲದ ಸಂಸ್ಥೆಗಳು 65,534 ವಿಳಾಸಗಳ ಬಿ ಜಾಲವನ್ನೇ ಕೇಳುತ್ತಿದ್ದವು. ಬಿ ಜಾಲಗಳಿದ್ದದ್ದು 16,384 ಮಾತ್ರ. ಅವುಗಳ ಬದಲು ಹಲವು ಸಿ ಜಾಲಗಳನ್ನು ಕೊಟ್ಟರೆ ರೂಟರ್‌ಗಳ ಕೋಷ್ಟಕ ಬೆಳೆಯುತ್ತಿತ್ತು. 1993ರ ಆರ್‌ಎಫ್‌ಸಿ 1519 ವರ್ಗಗಳನ್ನೇ ಕೈಬಿಟ್ಟು, ಅಕ್ಕಪಕ್ಕದ ಜಾಲಗಳನ್ನು ಒಂದೇ ಸಾಲಿನಲ್ಲಿ ಸೂಚಿಸುವ 'ಸೈಡರ್' ಪದ್ಧತಿಯನ್ನು ತಂದಿತು. ನಮ್ಮ /22 ಹಾಗೆ ಒಂದಾದ ನಾಲ್ಕು ಸಿ ಜಾಲಗಳಷ್ಟು ದೊಡ್ಡದು. ವಿಚಿತ್ರವೆಂದರೆ, ಆ ದಾಖಲೆಯ ಉದಾಹರಣೆಗಳಲ್ಲಿ ಉದ್ದನೆಯ ಮಾಸ್ಕ್‌ಗಳೇ ಇದ್ದವು.

ಓರೆಗೆರೆ ಅದಕ್ಕೂ ಮೊದಲೇ ಇನ್ನೊಂದು ಬಳಗದಲ್ಲಿ ಬಳಕೆಯಲ್ಲಿತ್ತು. ಅಮೆರಿಕದ ಹವ್ಯಾಸಿ ರೇಡಿಯೋ ಪರಿಣತ ಫಿಲ್ ಕಾರ್ನ್ 1980ರ ದಶಕದಲ್ಲಿ ರೂಪಿಸಿದ, ತಮ್ಮ ಕರೆಸಂಕೇತವನ್ನೇ ಹೆಸರಾಗಿಟ್ಟ 'ಕೆಎ9ಕ್ಯು' ತಂತ್ರಾಂಶದಲ್ಲಿ ವಿಳಾಸ, ಓರೆಗೆರೆ, ಬಿಟ್ ಸಂಖ್ಯೆ ಎಂದು ಬರೆದರೆ ಸಾಕಿತ್ತು. 1998ರ ಆರ್‌ಎಫ್‌ಸಿ 2373 ಐಪಿ ಆರನೆಯ ಆವೃತ್ತಿಯ ಪ್ರಿಫಿಕ್ಸ್‌ಗಳಿಗೆ ಇದೇ ರೂಪವನ್ನು ನಿಗದಿಪಡಿಸಿತು. ನಾಲ್ಕನೆಯ ಆವೃತ್ತಿಗೆ ಓರೆಗೆರೆಯ ಮುಂದೆ 0ರಿಂದ 32ರವರೆಗಿನ ಸಂಖ್ಯೆ ಎಂದು 2006ರ ಆರ್‌ಎಫ್‌ಸಿ 4632 ವಿವರಿಸಿತು.

ಇದರ ಹೆಚ್ಚುಗಾರಿಕೆ ಬರಿಯ ಸಂಕ್ಷಿಪ್ತತೆಯಲ್ಲ. 255.255.0.255 ಎಂಬುದನ್ನು ಓರೆಗೆರೆಯಲ್ಲಿ ಬರೆಯಲು ಬರುವುದೇ ಇಲ್ಲ. ಸಲಹೆಯಾಗಿದ್ದದ್ದನ್ನು ಬರವಣಿಗೆಯೇ ಕಡ್ಡಾಯ ಮಾಡಿತು. ಆದರೂ ಕೆಲವು ರೂಟರ್‌ಗಳ ಆದೇಶಗಳಲ್ಲಿ 0.0.3.255 ಎಂಬ ತಲೆಕೆಳಗಾದ ಮಾಸ್ಕ್ ಇನ್ನೂ ಉಳಿದಿರುವುದರಿಂದ, ಶಿಕ್ಷಕರು ಎರಡನ್ನೂ ಕಲಿಸಬೇಕಾಗಿದೆ.